ದಿನಕ್ಕೆ ನೂರು ಸಲ ‘ಬ್ಯಾಡ’

ನನ್ನ ಮುಖದ ಎಡಭಾಗ ಹೇಳದೆ ಕೇಳದೆ ರಜೆ ಹಾಕಿದ್ದು ಒಂದು ಮಂಗಳವಾರ ಬೆಳಿಗ್ಗೆ. ಚಹಾ ಕುಡಿಯುತ್ತಿದ್ದೆ. ಮೊದಲ ಗುಟುಕು ಸರಿಯಾಗಿಯೇ ಬಾಯೊಳಗೆ ಹೋಯಿತು, ಅಷ್ಟೇ ಸರಿಯಾಗಿ ಎಡ ಮೂಲೆಯಿಂದ ಹೊರಬಂದು ಸೀರೆಯ ಮೇಲೆ ಇಳಿಯಿತು. ಕಪ್ ಒಡೆದಿರಬೇಕೆಂದು ಬೇರೆ ಕಪ್ ತೆಗೆದುಕೊಂಡೆ. ಅದೂ ಸೋರಿತು. ಮೂರನೆಯದಕ್ಕೆ ಕೈ ಹಾಕುವಾಗ ಪೇಪರ್ ಓದುತ್ತಿದ್ದ ನನ್ನ ಗಂಡ ತಲೆಯೆತ್ತಿ, “ಮಾರಿ ಯಾಕ ಹಂಗ ಮಾಡಾಕತ್ತಿ?” ಎಂದರು. ನಾನು ಏನೂ ಮಾಡುತ್ತಿರಲಿಲ್ಲ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ನಾನು ಮುಖ ಸಿಂಡರಿಸಿದ್ದನ್ನು ಅವರು ಗಮನಿಸಿದ್ದು ಅದೇ ಮೊದಲು, ಅದೂ ನಾನು ಸಿಂಡರಿಸದೆ ಇದ್ದಾಗ.

ನಾನು ಗಿರಿಜಾ. ವಿಜಯಪುರದ ಕಡೆಯವಳು, ಮದುವೆಯಾಗಿ ಮುಂಬೈಯ ಮುಲುಂಡಿಗೆ ಬಂದವಳು. ದಾದರಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಕೊಡುವ ಒಂದು ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತೇನೆ. ಮದುಮಗಳ ಹೆಸರಿನಲ್ಲಿ ಅಕ್ಷರ ತಪ್ಪದಂತೆ, ತೀರಿಹೋದ ಅಜ್ಜ ‘ನಿಮ್ಮ ಆಗಮನಾಭಿಲಾಷಿಗಳು’ ಸಾಲಿನಲ್ಲಿ ಸೇರಿಕೊಳ್ಳದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಇದನ್ನೆಲ್ಲ ಬರೆಯಲು ಕಾರಣ ಇಷ್ಟೇ. ಆ ಮೂರು ತಿಂಗಳು, ನನ್ನಂತೆಯೇ ಆದ ಇನ್ನೊಬ್ಬರು ಚಹಾ ಹೇಗೆ ಕುಡಿದರು, ಸಿಟ್ಟು ಹೇಗೆ ತೋರಿಸಿದರು ಎಂದು ತಿಳಿಯುವ ಆಸೆ ನನಗೆ ವಿಪರೀತ ಇತ್ತು. ಔಷಧದ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಕ್ಕರು, ಚಹಾದ ಬಗ್ಗೆ ಹೇಳಿದವರು ಒಬ್ಬರೇ. ಅವರ ಮಾತು ಮುಂದೆ ಬರುತ್ತದೆ.

ಕನ್ನಡಿ ನೋಡಿಕೊಂಡೆ. ಬಲಗಡೆ ನಾನಿದ್ದೆ. ಎಡಗಡೆ ನಮ್ಮಪ್ಪ ಇದ್ದರು. ಅವರಿಗೆ ಲಕ್ವಾ ಹೊಡೆದು ಮೂರು ವರ್ಷ ಹಾಸಿಗೆಯಲ್ಲಿದ್ದರು. ಅವ್ವ ಚಮಚದಿಂದ ಗಂಜಿ ಕುಡಿಸುವಾಗ ಹೀಗೆಯೇ ಒಂದು ಕಡೆಯಿಂದ ಸೋರುತ್ತಿತ್ತು. ಕೈಕಾಲು ನೆಟ್ಟಗಿದ್ದರೂ ನಾನು ಬಚ್ಚಲುಮನೆಯ ನೆಲದ ಮೇಲೆ ಕೂತುಬಿಟ್ಟೆ. ನಗಿಸುವಂತೆ ಬರೆಯಬೇಕೆಂದು ಹೊರಟವಳು ನಾನು, ಆದರೆ ಆ ಹತ್ತು ನಿಮಿಷದಲ್ಲಿ ನಗುವುದಕ್ಕೆ ಏನೂ ಇರಲಿಲ್ಲ. ಬಹಳ ಹೆದರಿದ್ದೆ. ಮಗಳು ಮೇಘನಾ ಬಂದು ಕೈ ಹಿಡಿದು ಎಬ್ಬಿಸಿ, ರಿಕ್ಷಾ ಹತ್ತಿಸಿದಳು.

ನರದ ಡಾಕ್ಟರ ಹೊರಗೋಣೆಯಲ್ಲಿ ನನ್ನ ಎದುರಿಗೆ ಒಬ್ಬ ಮರಾಠಿ ಅಜ್ಜಿ ಕೂತಿದ್ದರು. ಒಂಬತ್ತುವಾರಿ ಸೀರೆ, ಮೂಗಿನಲ್ಲಿ ದೊಡ್ಡ ನತ್ತು, ಮುಖದ ಬಲಭಾಗ ಜೋತುಬಿದ್ದಿತ್ತು. ನನ್ನನ್ನು ಸ್ವಲ್ಪ ಹೊತ್ತು ನೋಡಿ, ‘ತುಮಚೀ ಡಾವೀ, ಮಾಝೀ ಉಜವೀ’ ಎಂದರು. ನಿಮ್ಮದು ಎಡ, ನನ್ನದು ಬಲ. ಲಾಟರಿ ಹಂಚಿಕೊಂಡವರ ಹಾಗೆ ಇಬ್ಬರೂ ನಕ್ಕೆವು. ನಮ್ಮಿಬ್ಬರದೂ ಸೇರಿ ಒಂದು ಪೂರ್ತಿ ನಗು ಆಯಿತು. ಆಮೇಲೆ ಅಜ್ಜಿ ತಮ್ಮ ಚೀಲದಿಂದ ಥರ್ಮಾಸ್ ತೆಗೆದು, ಎರಡು ಬೆರಳಿನಿಂದ ಬಾಯಿಯ ಸತ್ತ ಮೂಲೆಯನ್ನು ಚಿವುಟಿ ಹಿಡಿದು, ಹನಿಯೂ ಚೆಲ್ಲದಂತೆ ಚಹಾ ಕುಡಿದು ತೋರಿಸಿದರು. ನಾಚಿಕೆ ಪಟ್ಟುಕೊಳ್ಳಬೇಡ, ಬಾಯಿ ನಿನ್ನದೇ, ಹಿಡಿದುಕೊಳ್ಳಲು ಯಾರ ಅಪ್ಪಣೆ ಬೇಕು ಎಂದು ಮರಾಠಿಯಲ್ಲೇ ಬೈದರು. ಇಡೀ ಕಾಯಿಲೆಯಲ್ಲಿ ನನಗೆ ಸಿಕ್ಕ ಅತ್ಯುತ್ತಮ ವೈದ್ಯಕೀಯ ಸಲಹೆ ಅದು.

ಒಳಗೆ ಡಾಕ್ಟರು ಹುಬ್ಬು ಏರಿಸಲು ಹೇಳಿದರು. ಬಲ ಹುಬ್ಬು ಏರಿತು, ಎಡದ್ದು ಕದಲಲಿಲ್ಲ. “ವೆರಿ ಗುಡ್” ಎಂದು ಅವರು ಖುಷಿಪಟ್ಟರು. ಕೆಲಸ ಮಾಡದ್ದಕ್ಕೆ ಶಹಬ್ಬಾಸ್ ಅನ್ನಿಸಿಕೊಂಡದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಹಣೆಯೂ ಸುಮ್ಮನಿದ್ದರೆ ಮಿದುಳಿನ ತಂಟೆಯಲ್ಲ, ಕಿವಿಯ ಹಿಂದಿನ ಒಂದು ನರ ಮುನಿಸಿಕೊಂಡಿದೆ ಅಷ್ಟೇ, ಲಕ್ವಾ ಅಲ್ಲ ಎಂದರು. ಮಾತ್ರೆ, ಕಣ್ಣಿಗೆ ಹನಿ, ಮಲಗುವಾಗ ಕಣ್ಣಿಗೆ ಪಟ್ಟಿ, ಆಮೇಲೆ ಮುಖದ ವ್ಯಾಯಾಮ. ಎಷ್ಟು ದಿನ ಎಂದು ಕೇಳಿದ್ದಕ್ಕೆ “ನರದ ಇಷ್ಟ” ಎಂದರು. ನಮ್ಮ ಮನೆಯಲ್ಲಿ ತನ್ನ ಇಷ್ಟದಂತೆ ನಡೆಯುವವರ ಪಟ್ಟಿಗೆ ಇನ್ನೊಬ್ಬರು ಸೇರಿದರು.

ಇಲ್ಲಿ ಒಂದು ವಿಷಯ ಹೇಳಬೇಕು. ಕಾಯಿಲೆ ಬರುವ ಮೂರು ದಿನ ಮೊದಲು ನಮ್ಮ ಅಂಗಡಿಯ ಶೇಟ್‌ಜಿ ನನ್ನನ್ನು ಕರೆದಿದ್ದರು. ಅವರ ಮೊಣಕಾಲು ಹೋಗಿದೆ, ಮೆಟ್ಟಿಲು ಹತ್ತಲಾರರು. “ಗಿರಿಜಾಬೆನ್, ಅಬ್ ದುಕಾನ್ ಆಪ್ ಸಂಭಾಲೋ” ಎಂದರು. ಇನ್ನು ಅಂಗಡಿ ನೀವೇ ನೋಡಿಕೊಳ್ಳಿ. ನಾಲ್ಕು ಜನ ಕೆಲಸಗಾರರು, ಎರಡು ಮಷೀನು, ಎಲ್ಲ ತೀರ್ಮಾನ ನನ್ನದೇ. ಇನ್ನು ಒಂದೂವರೆ ತಿಂಗಳಿಗೆ, ತುಳಸಿ ಲಗ್ನ ಕಳೆದು ಮದುವೆ ಸೀಸನ್ ಶುರುವಾಗುವ ಸೋಮವಾರದೊಳಗೆ ಹೇಳಬೇಕು, ಇಲ್ಲದಿದ್ದರೆ ಅವರ ತಂಗಿಯ ಮಗನಿಗೆ ವಹಿಸುತ್ತಾರೆ. ಆ ಮಹಾಶಯ ಹೋದ ವರ್ಷ ಒಂದು ಪತ್ರಿಕೆಯಲ್ಲಿ ಮದುಮಗನ ಹೆಸರಿನ ಜಾಗದಲ್ಲಿ ಕಲ್ಯಾಣಮಂಟಪದ ಹೆಸರು ಹಾಕಿದ್ದ. ಆ ಅಂಗಡಿ ನನಗೆ ಬೇಕಾಗಿತ್ತು. ಇಷ್ಟು ಬೇಕು ಅನ್ನಿಸಿದ ವಸ್ತು ನನ್ನ ಬದುಕಿನಲ್ಲಿ ಬೇರೆ ಇರಲಿಲ್ಲ. ಆದರೂ ‘ನೋಡಿ ಹೇಳುತ್ತೇನೆ’ ಎಂದು ಬಂದೆ. ಮನೆಯಲ್ಲಿ ಹೇಳಿದಾಗ ನಮ್ಮವರು ಪೇಪರಿನ ಹಿಂದಿನಿಂದ “ಚಲೋ ಆತಲ್ಲ” ಎಂದರು. ಅವರು ಹವಾಮಾನದ ಸುದ್ದಿಗೂ ಹಾಗೆಯೇ ಅನ್ನುತ್ತಾರೆ.

ಕಾಯಿಲೆಯ ಏಳನೆಯ ದಿನ ಭಾವನವರ ಫೋನ್ ಬಂತು. ಭಾವನವರು ಎಂದರೆ ನಮ್ಮವರ ಅಣ್ಣ. ಜೋಗೇಶ್ವರಿಯಲ್ಲಿ ಅವರದೊಂದು ಸಣ್ಣ ಕಾರ್ಖಾನೆಯಿದೆ, ಸ್ಟೀಲ್ ಡಬ್ಬಿಗಳಿಗೆ ಮುಚ್ಚಳ ಮಾಡುತ್ತಾರೆ. ಡಬ್ಬಿ ಬೇರೆಯವರದು, ಮುಚ್ಚಳ ಮಾತ್ರ ಇವರದು. ಮನೆತನದ ಎಲ್ಲ ವ್ಯವಹಾರಗಳ ಮೇಲೂ ಅವರು ಹಾಗೆಯೇ ಒಂದು ಮುಚ್ಚಳ ಹಾಕುತ್ತಾರೆ, ಅದಾದ ಮೇಲೆ ಯಾರೂ ತೆಗೆದು ನೋಡುವುದಿಲ್ಲ. ಮನಸ್ಸು ಒಳ್ಳೆಯದು, ದನಿ ಮಾತ್ರ ಮಷೀನಿನ ಪಕ್ಕ ನಿಂತು ಬೆಳೆದದ್ದು.

“ಗಿರಿಜಾ, ನಮ್ಮ ಆಫೀಸ್ ನೋಡಾಕಿ ಬಿಟ್ಟ ಹೋದ್ಲು. ನೀ ಬಂದ ಕುಂದ್ರು. ದಾದರ್ ಬಿಡು. ಮಾರಿ ಹಿಂಗಾಗೇತಿ, ಗಿರಾಕಿ ಮುಂದ ಯಾಕ ನಿಂದ್ರತಿ? ಇಲ್ಲಿ ಮುಚ್ಚಳದ ಮುಂದ ನಿನ್ನ ಯಾರ ನೋಡ್ತಾರ?”

ನಾನು ‘ಬ್ಯಾಡ ಭಾವಾರ’ ಅನ್ನಲು ಹೊರಟೆ. ನಮ್ಮ ಕಡೆ ಬೇಡ ಅನ್ನುವುದಕ್ಕೆ ಬ್ಯಾಡ. ಆದರೆ ‘ಬ’ ಹೇಳಬೇಕಾದರೆ ಎರಡೂ ತುಟಿ ಕೂಡಬೇಕು, ನನ್ನದು ಬಲಗಡೆ ಕೂಡಿ ಎಡಗಡೆ ಚಿಲಕವಿಲ್ಲದ ಬಾಗಿಲಿನಂತೆ ತೆರೆದೇ ಇತ್ತು. “ಹ್ಯಾಡ ಹಾವಾರ” ಎಂದು ಬಂತು.

“ಏನು? ಹಾವು ಬಂತ? ಮುಲುಂಡನ್ಯಾಗ?”

ಹಾಳಾಗಲಿ ಎಂದು ತುಟಿ ಕೂಡಿಸಬೇಕಿಲ್ಲದ ಮಾತಿಗೆ ಇಳಿದೆ. “ಊಹೂಂ” ಎಂದೆ. ಅದರ ಮೊದಲ ‘ಊ’ ನನ್ನ ಎಡಗೆನ್ನೆಯಿಂದ ಗಾಳಿಯಾಗಿ ಹೋಯಿತು. ಜೋಗೇಶ್ವರಿಗೆ ತಲುಪಿದ್ದು ಉಳಿದ ‘ಹೂಂ’ ಮಾತ್ರ.

“ಹೂಂ ಅಂದೀ? ಆತು ಆತು, ಭಾಳ ಚಲೋ ಆತು” ಎಂದು ಫೋನ್ ಇಟ್ಟರು. ಸಂಜೆ ನಮ್ಮವರು ಕೆಲಸದಿಂದ ಬರುವ ಹೊತ್ತಿಗೆ ಸುದ್ದಿ ಅವರಿಗೂ ತಲುಪಿತ್ತು. ನನಗಾಗಿ ಹೊಸ ತಿರುಗುವ ಖುರ್ಚಿ ಬಂದಿದೆಯಂತೆ, ಸೀಸನ್ ಶುರುವಾಗುವ ಹಿಂದಿನ ಭಾನುವಾರ ಖುರ್ಚಿಗೆ ಪೂಜೆಯಂತೆ.

“ನೀ ಹೂಂ ಅಂದೀಯಂತ?” ಎಂದರು ನಮ್ಮವರು.

“ಊಹೂಂ” ಎಂದೆ.

“ಮತ್ತ ಹೂಂ ಅನ್ನಾಕತ್ತೀಯಲ್ಲ?”

ಎರಡು ದಿನ ಈ ವಿಷಯಕ್ಕೆ ಕಾಯಿಲೆಯನ್ನು ಬೈದೆ. ಮೂರನೆಯ ದಿನ, ಕಣ್ಣಿಗೆ ಹನಿ ಹಾಕಿಕೊಂಡು ಸುಮ್ಮನೆ ಮಲಗಿದ್ದಾಗ, ಇದರಲ್ಲಿ ಕಾಯಿಲೆಯ ತಪ್ಪು ಅಷ್ಟಿಲ್ಲ ಅನ್ನಿಸಿತು. ಮದುವೆಯಾದಾಗಿನಿಂದ ನಾನು ಗಂಡನಿಗಾಗಲಿ ಭಾವನವರಿಗಾಗಲಿ ‘ಬ್ಯಾಡ’ ಅಂದದ್ದೇ ಇಲ್ಲ. ಊಹೂಂ ಅನ್ನುತ್ತಿದ್ದೆ, ಅದೂ ಬಾಗಿಲ ಹಿಂದೆ ನಿಂತು, ಸೆರಗಿನೊಳಗೆ. ಮೇಘನಾಳಿಗೆ ನಾನು ಯೋಚಿಸಿದ್ದ ಹೆಸರು ಬೇರೆ. ಅಜಂತಾ ನೋಡಬೇಕೆಂದು ಹೊರಟವಳು ಭಾವನವರ ಜೊತೆ ಸ್ಟೀಲ್ ಮಷೀನಿನ ಪ್ರದರ್ಶನ ನೋಡಿ ಬಂದೆ. ಪ್ರತಿ ಸಲವೂ ನನ್ನ ಊಹೂಂ ಕೇಳುವವರ ಕಿವಿಯಲ್ಲಿ ಹೂಂ ಆಗಿತ್ತು. ನಾನೂ ತಿದ್ದುವ ಗೋಜಿಗೆ ಹೋಗಿರಲಿಲ್ಲ. ಬೇರೆಯವರ ಪತ್ರಿಕೆಯಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಮಷೀನು ನಿಲ್ಲಿಸುವವಳು ನಾನು.

ಹತ್ತು ದಿನ ಕಳೆದ ಮೇಲೆ ಅಂಗಡಿಗೆ ಹೋಗತೊಡಗಿದೆ. ಅಲ್ಲಿ ಬೇರೆ ಫಜೀತಿ. ಎಡಗಣ್ಣು ಮುಚ್ಚುತ್ತಿರಲಿಲ್ಲವಾದ್ದರಿಂದ ನಾನು ರೆಪ್ಪೆ ಬಡಿದಾಗಲೆಲ್ಲ ಬಲಗಣ್ಣು ಮಾತ್ರ ಮುಚ್ಚಿ ತೆರೆಯುತ್ತಿತ್ತು. ಅಂದರೆ ನಿಮಿಷಕ್ಕೆ ಹತ್ತು ಹದಿನೈದು ಸಲ ಗಿರಾಕಿಗಳಿಗೆ ಕಣ್ಣು ಹೊಡೆಯುತ್ತಿದ್ದೆ. ಘಾಟ್ಕೋಪರಿನಿಂದ ಬಂದ ವರನ ತಂದೆಯೊಬ್ಬರಿಗೆ ಕೆಂಪು ಪತ್ರಿಕೆ ತೋರಿಸಿ ಬಹಳ ಚೆನ್ನಾಗಿದೆ ಎಂದೆ, ಕಣ್ಣು ಹೊಡೆದುಕೊಂಡಿತು. ಅವರು ಅರ್ಥವಾಯಿತು ಎಂಬಂತೆ ತಲೆಯಾಡಿಸಿ, ದನಿ ತಗ್ಗಿಸಿ, “ಥ್ಯಾಂಕ್ಯೂ ಬೆಹೆನ್‌ಜಿ” ಎಂದು ಅದನ್ನು ಪಕ್ಕಕ್ಕಿಟ್ಟು ಬೇರೆಯದನ್ನು ಆರಿಸಿದರು. ಆಮೇಲೆ ಒಪ್ಪಿಸಬೇಕಾದ ಪತ್ರಿಕೆಯನ್ನು ತೆಗಳುವುದು ಕಲಿತೆ. ವ್ಯಾಪಾರ ಚೆನ್ನಾಗಿಯೇ ನಡೆಯಿತು. ಮಷೀನ್ ನೋಡಿಕೊಳ್ಳುವ ತುಕಾರಾಮ ಮಾತ್ರ, ಬೈದಾಗಲೆಲ್ಲ ಕಣ್ಣು ಹೊಡೆಯುವ ನನ್ನ ಮಾತಿಗೆ ಒಂದು ವಾರ ಕವಡೆ ಕಿಮ್ಮತ್ತು ಕೊಡಲಿಲ್ಲ.

ವ್ಯಾಯಾಮ ಹೇಳಿಕೊಡಲು ಮುಲುಂಡ್ ಸ್ಟೇಷನ್ ಹತ್ತಿರ ಸಾಯಲಿ ಎಂಬ ಹುಡುಗಿ ಇದ್ದಳು. ಕನ್ನಡಿಯ ಮುಂದೆ ಕೂರಿಸಿ ಗಲ್ಲ ಉಬ್ಬಿಸು, ಸೀಟಿ ಹೊಡೆ, ಮೇಣದಬತ್ತಿ ಊದು ಎನ್ನುತ್ತಿದ್ದಳು. ಐವತ್ತೊಂದನೆಯ ವಯಸ್ಸಿನಲ್ಲಿ ಸೀಟಿ ಹೊಡೆಯಲು ದುಡ್ಡು ಕೊಟ್ಟು ಕಲಿತವಳು ನಮ್ಮ ಮನೆತನದಲ್ಲಿ ನಾನೊಬ್ಬಳೇ. ಮೂರನೆಯ ವಾರ ಅವಳು, ತುಟಿ ಕೂಡುವಂಥ ಒಂದು ಶಬ್ದವನ್ನು ನಿಮ್ಮ ಭಾಷೆಯಲ್ಲೇ ಆರಿಸಿಕೊಳ್ಳಿ, ದಿನಕ್ಕೆ ನೂರು ಸಲ ಜೋರಾಗಿ ಹೇಳಿ ಎಂದಳು. ಬಾಳೆಹಣ್ಣು, ಬದನೆಕಾಯಿ, ಪಾಪ, ಮಾಮ ಎಲ್ಲ ನೆನಪಾದವು. ನಾನು ‘ಬ್ಯಾಡ’ ಆರಿಸಿಕೊಂಡೆ. ಅರ್ಥವೇನು ಎಂದು ಕೇಳಿದಳು. ಹೇಳಿದೆ. “ಮಸ್ತ್” ಎಂದು ಬರೆದುಕೊಂಡಳು.

ಮರುದಿನದಿಂದ ಬೆಳಿಗ್ಗೆ ಐವತ್ತು, ಸಂಜೆ ಐವತ್ತು. ಎಡ ಮೂಲೆಯನ್ನು ಅಜ್ಜಿ ಹೇಳಿದಂತೆ ಬೆರಳಲ್ಲಿ ಹಿಡಿದು, ಕನ್ನಡಿಯನ್ನೇ ನೋಡುತ್ತಾ, ಬ್ಯಾಡ, ಬ್ಯಾಡ, ಬ್ಯಾಡ. ಬಿಲ್ಡಿಂಗಿನ ಗೋಡೆಗಳು ತೆಳು. ನಾಲ್ಕನೆಯ ದಿನ ಪಕ್ಕದ ಮನೆಯ ಸುಲಭಾತಾಯಿ ಒಂದು ಬಟ್ಟಲು ರವೆಯ ಶಿರಾ ತಂದು, ನನ್ನ ಕೈ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ತುಮ್ಹೀ ಖೂಪ್ ಚಾಂಗಲ್ಯಾ ಆಹಾತ, ನೀವು ಬಹಳ ಒಳ್ಳೆಯವರು ಎಂದು ಮೂರು ಸಲ ಹೇಳಿ ಹೋದರು. ನನಗೆ ತಲೆಬುಡ ತಿಳಿಯಲಿಲ್ಲ. ಅದೇ ಸಂಜೆ ಮೇಘನಾ ಕೋಣೆಯ ಬಾಗಿಲು ಹಾಕಿ ನನ್ನ ಪಕ್ಕ ಕೂತಳು. ಅವಳ ಕನ್ನಡ ಮುಂಬೈಯಲ್ಲಿ ಹುಟ್ಟಿದ್ದು, ತಲೆಯಲ್ಲಿ ಸುಲಭಾತಾಯಿಯ ಮಾತು ಬೇರೆ ಕೂತಿತ್ತು.

“ಅಮ್ಮಾ, ನೀ ನಿನಗೇ ಬ್ಯಾಡ್ ಬ್ಯಾಡ್ ಅಂತ ಯಾಕ ಬೋಲ್ತೀ? ಯೂ ಆರ್ ನಾಟ್ ಬ್ಯಾಡ್. ಫೇಸ್ ಠೀಕ್ ಆಗ್ತದ.”

ಇಂಗ್ಲಿಷಿನ ಬ್ಯಾಡ್. ಇಡೀ ಬಿಲ್ಡಿಂಗು ನಾನು ಕನ್ನಡಿಯ ಮುಂದೆ ನಿಂತು ನನ್ನನ್ನೇ ಕೆಟ್ಟವಳು, ಕೆಟ್ಟವಳು ಎಂದು ದಿನಕ್ಕೆ ನೂರು ಸಲ ಬೈದುಕೊಳ್ಳುತ್ತಿದ್ದೇನೆ ಎಂದು ತಿಳಿದಿತ್ತು. ನಕ್ಕು ನಕ್ಕು ಎಡಗಣ್ಣಿನಿಂದ ನೀರು ಸುರಿಯಿತು. ಬಹಳ ದಿನದ ಮೇಲೆ ಮನಸಾರೆ ನಕ್ಕಿದ್ದೆ, ಅರ್ಧ ಮುಖದಿಂದಲೇ ಆದರೂ. ಆಮೇಲೆ ಊಹೂಂ ಕಥೆಯನ್ನು ಮೊದಲಿನಿಂದ ಹೇಳಿದೆ. ಅವಳು ನಗಲಿಲ್ಲ.

“ನನಗ ತೋ ಆರಾಮ್‌ಸೆ ಬ್ಯಾಡ ಅಂತಿದ್ದಿ” ಎಂದಳು. “ಟ್ರಿಪ್ ಬ್ಯಾಡ, ಶಾರ್ಟ್ ಹೇರ್ ಬ್ಯಾಡ, ವೋ ಫ್ರೆಂಡ್ ಬ್ಯಾಡ. ದೊಡ್ಡಪ್ಪಗ ಯಾಕ ಆಗೂದಿಲ್ಲ?”

ಅವಳಿಗೆ, ತುಕಾರಾಮನಿಗೆ, ಅಂಗಡಿಯ ಉಳಿದವರಿಗೆ ನನ್ನ ಬಾಯಲ್ಲಿ ಬ್ಯಾಡ ಸಲೀಸಾಗಿ ಬರುತ್ತಿತ್ತು. ಅದನ್ನೇ ನಾನು ಜಾಣತನ, ಹಿಡಿತ, ನಾಲ್ಕು ಜನರಿಂದ ಕೆಲಸ ತೆಗೆಯುವ ಕಲೆ ಎಂದುಕೊಂಡಿದ್ದೆ. ನನಗಿಂತ ಕೆಳಗೆ ನಿಂತವರಿಗೆ ಬ್ಯಾಡ, ಮೇಲೆ ನಿಂತವರಿಗೆ ಊಹೂಂ. ನಾಚಿಕೆಯಾಯಿತು. ಕೂದಲಿನ ವಿಷಯದಲ್ಲಿ ಮಾತ್ರ ನಾನು ಹೇಳಿದ್ದು ಸರಿ ಎಂದು ಈಗಲೂ ನಂಬಿದ್ದೇನೆ.

ಭಾನುವಾರ ಬಂತು. ಸೆಂಟ್ರಲ್ ಲೈನಿನಲ್ಲಿ ಎಂದಿನಂತೆ ಮೆಗಾಬ್ಲಾಕ್, ಹಳಿ ದುರಸ್ತಿಗೆಂದು ಅರ್ಧ ಗಾಡಿಗಳು ಬಂದ್. ನಮ್ಮವರೂ ನಾನೂ ಮುಲುಂಡಿನಿಂದ ದಾದರಿಗೆ ಬಂದು ಗಾಡಿ ಬದಲಿಸುವಷ್ಟರಲ್ಲಿ ಎರಡು ತಾಸು ಹಿಡಿಯಿತು. ಅಲ್ಲಿ ಮೇಲ್ಸೇತುವೆಯ ಮೇಲೆ ನಿಂತು ಅವರಿಗೆ, “ರೀ, ನನಗ ದಾದರ್ ಅಂಗಡಿ ಬೇಕು. ಭಾವಾರ ಖುರ್ಚಿ ಬ್ಯಾಡ” ಎಂದೆ. ಬೇಕು, ಭಾವ, ಬ್ಯಾಡ, ತುಟಿ ಕೂಡುವ ಮೂರೂ ಬಂದವು. ಸುತ್ತ ಜನ ನಮ್ಮನ್ನು ತಳ್ಳಿಕೊಂಡು ಹೋಗುತ್ತಿದ್ದರು. ನಮ್ಮವರು ನನ್ನನ್ನೇ ನೋಡಿದರು, ಕೈಯಲ್ಲಿ ಪೇಪರ್ ಇರಲಿಲ್ಲ.

“ನಾ ಹೇಳ್ಲೇನು ಅಣ್ಣಗ?” ಎಂದರು, ಧೈರ್ಯವಿಲ್ಲದ ದನಿಯಲ್ಲಿ. ಕೇಳಿದರಲ್ಲ, ಅಷ್ಟಕ್ಕೇ ನನಗೆ ಅವರ ಮೇಲೆ ಪ್ರೀತಿ ಉಕ್ಕಿತು.

“ಬ್ಯಾಡ” ಎಂದೆ.

ಜೋಗೇಶ್ವರಿಯ ಕಾರ್ಖಾನೆಯಲ್ಲಿ ಖುರ್ಚಿಗೆ ಚೆಂಡು ಹೂವಿನ ಮಾಲೆ ಹಾಕಿದ್ದರು. ಸುತ್ತಿದ ಪ್ಲಾಸ್ಟಿಕ್ಕು ಹಾಗೇ ಇತ್ತು. ಭಾವನವರು ಹೊಸ ಅಂಗಿ ತೊಟ್ಟು ತೆಂಗಿನಕಾಯಿ ಕೈಯಲ್ಲಿ ಹಿಡಿದಿದ್ದರು. ಅವರ ಹೆಂಡತಿ, ನನ್ನ ನೆಗೆಣ್ಣಿ ಶಾಂತಕ್ಕ, ಆರತಿ ತಟ್ಟೆ ಹಿಡಿದು ಹಿಂದೆ ನಿಂತಿದ್ದಳು. ನಾನು ಕಂಡಾಗಿನಿಂದ ಶಾಂತಕ್ಕ ಯಾವುದಾದರೊಂದು ತಟ್ಟೆ ಹಿಡಿದು ಹಿಂದೆಯೇ ನಿಂತಿರುತ್ತಾಳೆ.

“ಬಾ ಗಿರಿಜಾ, ಕುಂದ್ರು” ಎಂದರು ಭಾವನವರು.

“ಭಾವಾರ, ನನಗ ಬ್ಯಾಡ” ಎಂದೆ. ಸ್ಪಷ್ಟವಾಗಿಯೇ ಬಂತು. ಆದರೆ ಅದೇ ಗಳಿಗೆಗೆ ಬಲಗಣ್ಣು ಮುಚ್ಚಿ ತೆರೆಯಿತು. ಭಾವನವರು ಹೊಟ್ಟೆ ಅಲುಗಿಸಿ ನಕ್ಕರು. “ನೋಡ್ರಿ, ಮಾರಿ ಸೊಟ್ಟಾದ ಮ್ಯಾಲ ಚಾಷ್ಟಿ ಮಾಡೂದು ಕಲತಾಳ” ಎಂದು ತೆಂಗಿನಕಾಯಿ ಎತ್ತಿದರು.

ಕಾಯಿ ಒಡೆದುಬಿಟ್ಟರೆ ಮುಗಿಯಿತು. ನನಗೆ ಗೊತ್ತಿತ್ತು, ಒಡೆದ ಕಾಯಿಯ ಎದುರು ನಾನು ಮತ್ತೆ ಹೂಂ ಎಂದುಬಿಡುತ್ತೇನೆ. ಎಡಗೈಯ ಎರಡು ಬೆರಳಿನಿಂದ ಬಾಯಿಯ ಮೂಲೆ ಹಿಡಿದೆ. ಬಲಗಣ್ಣಿನ ರೆಪ್ಪೆ ಬಡಿಯದಂತೆ ಬಲಗೈ ಬೆರಳಿಂದ ಎತ್ತಿ ಹಿಡಿದೆ. ನೋಡುವವರಿಗೆ ಹೇಗೆ ಕಂಡೆನೋ ದೇವರೇ ಬಲ್ಲ.

“ಬ್ಯಾಡ. ಅವತ್ತ ನಾ ಊಹೂಂ ಅಂದಿದ್ದೆ, ನಿಮಗ ಹೂಂ ಕೇಳ್ತು. ನಾ ದಾದರ್ ಅಂಗಡಿ ನಡಸಾಕಿ. ಇದು ನನಗ ಬ್ಯಾಡ ಭಾವಾರ.”

ಎತ್ತಿದ ಕೈ ಹಾಗೇ ನಿಂತಿತು. ಮುಚ್ಚಳ ಒತ್ತುವ ಮಷೀನಿನ ಹತ್ತಿರ ಯಾರೋ ಕೆಮ್ಮಿದರು. ಭಾವನವರು ತಮ್ಮನನ್ನು ನೋಡಿದರು, ನಮ್ಮವರು ಚೆಂಡು ಹೂವನ್ನು ನೋಡಿದರು. ಕೊನೆಗೆ ಭಾವನವರು ಕಾಯಿಯನ್ನು ಮೇಜಿನ ಮೇಲಿಟ್ಟು, ನಿಜವಾಗಿಯೂ ನೊಂದವರಂತೆ ಕೇಳಿದರು.

“ಅಲ್ಲಬೇ, ಮೊದಲ ಹೇಳಬಾರದ?”

ಅಷ್ಟೇ. ಜಗಳವಿಲ್ಲ, ಮುನಿಸಿಲ್ಲ. ಇಪ್ಪತ್ತೇಳು ವರ್ಷ ನಾನು ಹೆದರಿಕೊಂಡು ತಿರುಗಿದ ಗುಡುಗು ಇಷ್ಟೇ ಆಗಿತ್ತು. ಸಮಾಧಾನಕ್ಕಿಂತ ಮೊದಲು ನನಗೆ ಸಿಟ್ಟು ಬಂತು, ಅದೂ ನನ್ನ ಮೇಲೆ. ಅಜಂತಾ ನೆನಪಾಯಿತು.

ಮನೆ ಕಾರ್ಖಾನೆಯ ಹಿಂದಿನ ಓಣಿಯಲ್ಲೇ. ಊಟವಾದ ಮೇಲೆ ಅಡುಗೆಮನೆಯಲ್ಲಿ ಶಾಂತಕ್ಕ ನನ್ನ ಹತ್ತಿರ ಬಂದು, ಹೊರಗೆ ಕೇಳಿಸದಂತೆ, “ಆ ವ್ಯಾಯಾಮ ನನಗೂ ಹೇಳಿಕೊಡ” ಎಂದಳು.

“ನಿನ್ನ ಮಾರಿ ನೆಟ್ಟಗ ಐತಲ್ಲ ಅಕ್ಕಾ” ಎಂದೆ.

“ಮಾರಿ ನೆಟ್ಟಗ ಐತಿ” ಎಂದಳು ಶಾಂತಕ್ಕ. ಆಮೇಲೆ ಬಾಗಿಲು ಮುಂದೆ ಮಾಡಿದಳು.

ಆ ಮನೆಯಲ್ಲಿ ಕನ್ನಡಿಗೇನು ಬರ. ಗೂಡಿನಿಂದ ಒಂದು ಹೊಸ ಸ್ಟೀಲ್ ಮುಚ್ಚಳ ತೆಗೆದು ಅವಳ ಮುಖದ ಮುಂದೆ ಹಿಡಿದೆ. ಮೊದಲ ಹತ್ತು ಬ್ಯಾಡ ಪಿಸುಮಾತಿನಲ್ಲಿ ಬಂದವು. ಹದಿನೈದನೆಯದು ತುಸು ಗಟ್ಟಿಯಾಯಿತು. ಅಷ್ಟರಲ್ಲಿ ಹೊರಗಿನಿಂದ ಭಾವನವರು, “ಶಾಂತಾ, ಇನ್ನೊಂದ ಸುತ್ತ ಚಹಾ ಇಡ್ತೀಯೇನ?” ಎಂದು ಕೂಗಿದರು. ಶಾಂತಕ್ಕ ನನ್ನನ್ನು ನೋಡಿದಳು, ಏನೂ ಆಗದ ತನ್ನ ಬಾಯಿಯ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಳು, “ಊಹೂಂ” ಎಂದಳು. ಇಬ್ಬರೂ ಒಂದೇ ಸಲ ನಕ್ಕುಬಿಟ್ಟೆವು. ಚಹಾ ಇಟ್ಟವಳು ನಾನು. ಈಗ ಅವಳು ದಿನಾ ಬೆಳಿಗ್ಗೆ ಫೋನ್ ಮಾಡಿ ಎಷ್ಟು ಆಯಿತು ಎಂದು ಹೇಳುತ್ತಾಳೆ, ಹೋದ ವಾರ ಅರವತ್ತು ದಾಟಿದ್ದಳು.

ಈಗ ನನ್ನ ಮುಖ ಮುಕ್ಕಾಲು ಪಾಲು ಮರಳಿ ಬಂದಿದೆ. ನಕ್ಕರೆ ಎಡಗಣ್ಣು ಕಿರಿದಾಗುತ್ತದೆ, ಉಣ್ಣುವಾಗ ಅದರಲ್ಲಿ ನೀರು ಬರುತ್ತದೆ, ಸಾರು ಖಾರವಾಯಿತೇನೋ ಎಂದು ನಮ್ಮವರು ಗಾಬರಿಯಾಗುತ್ತಾರೆ. ನಿಮಗೂ ಹೀಗೇ ಆಗಿದ್ದರೆ, ಕನ್ನಡಿಯಲ್ಲಿ ದಿನಕ್ಕೆರಡು ಸಲ ಮಾತ್ರ ನೋಡಿಕೊಳ್ಳಿ, ಬದಲಾವಣೆ ಇದೆಯೇ ಎಂದು ತಾಸಿಗೊಮ್ಮೆ ನೋಡಬೇಡಿ. ನಾನು ನೋಡಿದೆ, ಅದಕ್ಕೇ ಹೇಳುತ್ತಿದ್ದೇನೆ. ಬಾಯಿಯ ಮೂಲೆ ಹಿಡಿದು ಚಹಾ ಕುಡಿಯಿರಿ, ಯಾರು ನೋಡಿದರೂ ಸರಿ.

ಆ ಭಾನುವಾರದ ಮರುದಿನ ಸೋಮವಾರ. ಶೇಟ್‌ಜಿ ಮೆಟ್ಟಿಲು ಹತ್ತಲಾಗದೆ ಕೆಳಗೆ ಟ್ಯಾಕ್ಸಿಯಲ್ಲೇ ಕೂತು ನನ್ನನ್ನು ಕರೆಸಿದರು. ಕಿಟಕಿಯ ಹತ್ತಿರ ಬಗ್ಗಿ ನಿಂತೆ. “ತೋ, ಸಂಭಾಲೋಗೇ?” ಎಂದರು.

“ಹೂಂ” ಎಂದೆ, ಹಳೆಯ ಅಭ್ಯಾಸ.

ಹತ್ತೊಂಬತ್ತು ವರ್ಷ ನನ್ನ ಹೂಂ ಕೇಳಿದ ಮನುಷ್ಯ ಅವರು. ಕನ್ನಡಕ ಸರಿಪಡಿಸಿಕೊಂಡು ನನ್ನ ಮುಖವನ್ನೇ ನೋಡುತ್ತಾ ಕೇಳಿದರು, “ಪಕ್ಕಾ?”

ಟ್ಯಾಕ್ಸಿ ಡ್ರೈವರೂ ಹಿಂತಿರುಗಿ ನೋಡುತ್ತಿದ್ದ. ನಾನು ಬೆರಳಿನಿಂದ ಏನನ್ನೂ ಹಿಡಿಯಲಿಲ್ಲ. ಎರಡೂ ತುಟಿ ಕೂಡಿಸಿದೆ, ಎಡ ಮೂಲೆಯವರೆಗೆ.

“ಪಕ್ಕಾ” ಎಂದೆ.